ಅಪ್ಪನ ಪದ್ಮಿನಿಗೆ ಯಾವ ಶಾಕ್ ಅಬ್ಸಾರ್ಬರ್?

ಪ್ರಶ್ನೆ, ಶಿರಸಿಯಿಂದ:
ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ಕೊಂಡ 1984ರ ಪ್ರೀಮಿಯರ್ ಪದ್ಮಿನಿ ಇನ್ನೂ ಓಡುತ್ತಿದೆ. ಆದರೆ ದೇವಿಮನೆ ಘಟ್ಟ ಇಳಿಯುವಾಗ ಹಿಂಭಾಗ ತೊಟ್ಟಿಲಿನಂತೆ ತೂಗುತ್ತದೆ. ಹಿಂದಿನ ಎಡಗಡೆಯ ಶಾಕ್‌ನಿಂದ ಎಣ್ಣೆ ಒಸರುತ್ತಿದೆ. ಅದೊಂದನ್ನೇ ಬದಲಿಸಿದರೆ ಸಾಕೇ? ಗ್ಯಾಸಿನದೋ, ಎಣ್ಣೆಯದೋ? ಅಂಗಡಿಯವರು ಕೊಟ್ಟದ್ದು ಹಳೆಯದಕ್ಕಿಂತ ಎರಡು ಬೆರಳು ಉದ್ದವಿದೆ.

ಉತ್ತರ, ಕಾರವಾರದಿಂದ:
ಒಂದನ್ನೇ ಬದಲಿಸಬೇಡಿ ಮಾರಾಯರೇ, ಜೋಡಿಯಾಗಿಯೇ ಹಾಕಿಸಿ. ಆ ಉದ್ದದ್ದನ್ನು ಮೊದಲು ಹಿಂದಿರುಗಿಸಿ. ಪೂರ್ತಿ ಒತ್ತಿದಾಗಲೂ ಅದು ಉದ್ದವೇ ಉಳಿದರೆ ಮೊದಲ ದೊಡ್ಡ ಹೊಂಡದಲ್ಲಿಯೇ ತಳ ಬಡಿಯುತ್ತದೆ. ನನ್ನ ಗಾಡಿಗೆ ಗ್ಯಾಸಿನದು ಹಾಕಿಸಿ ಬೆನ್ನು ನೋಯಿಸಿಕೊಂಡು, ಮತ್ತೆ ಎಣ್ಣೆಯದಕ್ಕೆ ಮರಳಿದ್ದೇನೆ. ಎಣ್ಣೆಯದನ್ನು ಕೂರಿಸುವ ಮೊದಲು ನೆಟ್ಟಗೆ ಹಿಡಿದು ಐದಾರು ಬಾರಿ ಎಳೆದು ಒತ್ತಿ. ಒಳಗಿನ ಗಾಳಿ ಹೋಗುತ್ತದೆ. ನಟ್‌ಗಳ ಕೊನೆಯ ಬಿಗಿತ ಮಾತ್ರ ಗಾಡಿ ನಾಲ್ಕು ಚಕ್ರಗಳ ಮೇಲೆ ನಿಂತ ಮೇಲೆ. ಜ್ಯಾಕ್ ಮೇಲಿರುವಾಗಲೇ ಬಿಗಿದರೆ ಶಾಕ್ ತುದಿಯ ರಬ್ಬರ್ ಬುಷ್ (ರಬ್ಬರ್ ಬಳೆ) ತಿರುಚಿಕೊಂಡು ಬೇಗ ಹರಿಯುತ್ತದೆ. ಇಲ್ಲಿನ ಉಪ್ಪುಗಾಳಿಗೆ ನಟ್‌ಗಳು ಕಲ್ಲಾಗಿರುತ್ತವೆ. ನಾನು ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆ, ಆದರೂ ಒಂದು ಮುರಿಯಿತು.

ಉತ್ತರ, ಕುಮಟಾದಿಂದ:
ಹಿಂಭಾಗ ಕುಸಿದಿದ್ದರೆ ಲೀಫ್ ಸ್ಪ್ರಿಂಗ್ ಪಟ್ಟಿಗಳನ್ನೂ ನೋಡಿಸಿ. ಭಾರ ಹೊರುವುದು ಅವು, ಶಾಕ್ ಅಲ್ಲ.

ಪ್ರಶ್ನೆ ಕೇಳಿದವರು:
ನೋಡಿದೆ. ಬಲಗಡೆ ಒಂದು ಪಟ್ಟಿ ಮುರಿದಿದೆ! ಅಪ್ಪನಿಗೆ ಇನ್ನೂ ಹೇಳಿಲ್ಲ.