ಪದಚರ್ಚೆ: ಆಟಗಾರನ ಟ್ರೇಡ್ ಅಂದರೆ ಮಾರಾಟವೇ, ಸಾಟಿಯೇ, ಎತ್ತಂಗಡಿಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳಬೇಕಿತ್ತು. ಬೇಸ್‌ಬಾಲ್‌ನಲ್ಲಿ ಸೀಸನ್ ನಡೆಯುತ್ತಿರುವಾಗಲೇ ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಬದಲಿಗೆ ಅಲ್ಲಿನ ಆಟಗಾರರನ್ನು ತರುತ್ತದೆ. ಇದೇ ಟ್ರೇಡ್. ಹಾಗಂತಲೇ ಬರೆದರೆ ಯಾರಿಗೂ ತೊಂದರೆ ಇಲ್ಲ, ಗೊತ್ತು. ಆದರೆ ಊರಿಗೆ ಫೋನ್ ಮಾಡಿದಾಗ ನನ್ನ ಬಾಯಿಗೆ ಬರುವುದು ಕನ್ನಡದ ಪದ. ಪ್ರತಿ ಸಲವೂ ತಪ್ಪು ಪದವೇ ಬರುತ್ತದೆ.

ನಾನು ಮೇರಿಲ್ಯಾಂಡಿನಲ್ಲಿದ್ದೇನೆ. ವಾಷಿಂಗ್ಟನ್ ನ್ಯಾಷನಲ್ಸ್ ನನ್ನ ತಂಡ. 2022ರ ಆಗಸ್ಟ್ 2ರಂದು ಆ ತಂಡ ಹ್ವಾನ್ ಸೋಟೊನನ್ನು ಸ್ಯಾನ್ ಡಿಯಾಗೋ ಪಾಡ್ರೆಸ್‌ಗೆ ಕೊಟ್ಟುಬಿಟ್ಟಿತು. ಅವನಿಗೆ ಆಗ 23 ವರ್ಷ. ನಮ್ಮ ಮುಖ್ಯ ತಂಡದಲ್ಲಿ ಆಡಲು ಶುರು ಮಾಡಿದಾಗ 19. ನನಗೆ ಇಲ್ಲಿ ಮಧ್ಯಾಹ್ನ, ತಿಪಟೂರಿನ ಕಡೆ ಅಮ್ಮನಿಗೆ ಮಲಗುವ ಹೊತ್ತು. ತಡೆಯಲಾಗದೆ ಫೋನ್ ಮಾಡಿ, "ಸೋಟೊನ ಮಾರಿಬಿಟ್ರಮ್ಮ" ಅಂದೆ.

"ಎಷ್ಟಕ್ಕೆ?" ಅಂದರು ಅಮ್ಮ.

"ದುಡ್ಡಿಗಲ್ಲ, ಹುಡುಗರಿಗೆ."

"ಹಂಗಾದ್ರೆ ಮಾರಿದ್ರು ಅಂತ ಯಾಕಂತೀಯ? ಸಾಟಿ ಮಾಡವ್ರೆ ಅನ್ನು."

ಅಂದಿನಿಂದ ಈ ಪದದ ಹಿಂದೆ ಬಿದ್ದಿದ್ದೇನೆ. ಅಮ್ಮ ಚಿಕ್ಕವರಿದ್ದಾಗ ಮನೆ ಬಾಗಿಲಿಗೆ ಮಡಕೆ ಹೊತ್ತು ಬಂದವರಿಗೆ ರಾಗಿ ಅಳೆದು ಕೊಡುತ್ತಿದ್ದರಂತೆ. ದುಡ್ಡಿನ ಮಾತೇ ಇಲ್ಲ. ಅದು ಸಾಟಿ. ಶಾಲೆಯ ಪುಸ್ತಕದಲ್ಲಿ ಸಾಟಿ ವ್ಯಾಪಾರ ಅಂತ ನಾವೂ ಓದಿದ್ದೇವೆ, ಆದರೆ ಬಾಯಲ್ಲಿ ಬಳಸಿದ್ದು ನಾನಂತೂ ಕೇಳಿರಲಿಲ್ಲ.

ಮೊದಲು 'ಮಾರು' ಬಗ್ಗೆ ಒಂದು ಮಾತು. ಇವತ್ತಿನ ಕನ್ನಡದಲ್ಲಿ ಮಾರು ಅಂದರೆ ದುಡ್ಡು ಬರಲೇಬೇಕು. ಹಳಗನ್ನಡದಲ್ಲಿ ಇದು ಮಾಱು, ದೊಡ್ಡ ಱಕಾರ. ಅದಕ್ಕೆ ಅದಲುಬದಲು ಮಾಡಿಕೊಳ್ಳುವುದು ಅನ್ನುವ ಅರ್ಥವೂ ಇತ್ತು. ತಮಿಳಿನಲ್ಲಿ ಈಗಲೂ ಆ ಧಾತುವಿಗೆ ಬದಲಾಗು ಅಂತಲೇ ಅರ್ಥ. ನಮ್ಮ ಮಾರ್ಪಾಡು, ಮಾರುವೇಷ, ಮಾರುತ್ತರ ಇವುಗಳಲ್ಲೂ ಅದೇ ಜಾಡು ಕಾಣುತ್ತದೆ. ಹಾಗೆ ನೋಡಿದರೆ ನಾನು "ಮಾರಿಬಿಟ್ರು" ಅಂದದ್ದು ಹಳೆಯ ಲೆಕ್ಕದಲ್ಲಿ ಸರಿಯೇ. ಆದರೆ ಪದದ ಹಳೆಯ ಅರ್ಥವನ್ನು ನೆನಪಿಟ್ಟುಕೊಂಡು ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ ಅಲ್ವಾ? ಜೊತೆಗೆ ಐಪಿಎಲ್ ಬಂದ ಮೇಲೆ ನಮ್ಮ ಪತ್ರಿಕೆಗಳು ಬಿಕರಿ, ಹರಾಜು, ಮಾರಾಟ ಮೂರನ್ನೂ ಆಟಗಾರರಿಗೆ ಧಾರಾಳವಾಗಿ ಬಳಸುತ್ತಿವೆ. ಅಲ್ಲಿ ಅದು ಸರಿ. 2023ರ ನವೆಂಬರ್‌ನಲ್ಲಿ ಕ್ಯಾಮರೂನ್ ಗ್ರೀನ್ ಮುಂಬೈಯಿಂದ ಆರ್‌ಸಿಬಿಗೆ ಬಂದಾಗ ಅದನ್ನೂ ಟ್ರೇಡ್ ಅಂದರು, ಆದರೆ ಪೂರಾ ದುಡ್ಡಿನ ವ್ಯವಹಾರ. ಆಡುವ ಕಾಲವೂ ಅಲ್ಲ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಅಲ್ಪಸ್ವಲ್ಪ ದುಡ್ಡು ಸೇರುವುದು ಉಂಟು. ಆದರೆ ಮುಖ್ಯ ಲೆಕ್ಕ ಆಳಿಗೆ ಆಳು.

ಆಳಿಗೆ ಆಳು ಅಂದಾಗ ನಮ್ಮ ಕಡೆಯ 'ಮುಯ್ಯಾಳು' ನೆನಪಾಯಿತು. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಚೆಂದದ ಪದ. ಆದರೆ ಮುಯ್ಯಾಳು ಸಂಜೆ ತನ್ನ ಮನೆಗೆ ವಾಪಸ್ ಹೋಗುತ್ತಾನೆ. ಸೋಟೊ ವಾಪಸ್ ಬರುವುದಿಲ್ಲ. ಹಾಗಾಗಿ ಅದನ್ನು ಬಿಟ್ಟೆ.

ಸಾಟಿ ಮಾತ್ರ ಬಿಡಲಿಲ್ಲ. ಈ ಪದಕ್ಕೆ ಎರಡು ಮುಖ ಇವೆ. ಒಂದು, ಕೊಟ್ಟು ತರುವುದು. ಇನ್ನೊಂದು, ಸಮಾನ. "ಅವನಿಗೆ ಸಾಟಿ ಯಾರೂ ಇಲ್ಲ" ಅನ್ನುತ್ತೇವಲ್ಲ, ಅದು. ಟ್ರೇಡ್ ಆದ ದಿನ ಅಭಿಮಾನಿ ಕೇಳುವ ಪ್ರಶ್ನೆ ಇದೊಂದೇ. ಕೊಟ್ಟವನಿಗೆ ಬಂದವರು ಸಾಟಿಯೇ? ವ್ಯವಹಾರದ ಹೆಸರೂ, ಆ ವ್ಯವಹಾರದ ಮೇಲಿನ ಅನುಮಾನವೂ ಒಂದೇ ಪದದಲ್ಲಿವೆ. ಇಂಗ್ಲಿಷಿನ ಟ್ರೇಡ್‌ನಲ್ಲಿ ಈ ಅನುಮಾನ ಇಲ್ಲ.

ಸೋಟೊ ಮತ್ತು ಜಾಶ್ ಬೆಲ್ ಇಬ್ಬರು ಹೋದರು. ಬಂದವರು ಆರು ಜನ. ಅದರಲ್ಲಿ ಐವರು ಎಳೆಯರು. ಇಂಥ ಎಳೆಯ ಆಟಗಾರನಿಗೆ ಇಲ್ಲಿ ಪ್ರಾಸ್ಪೆಕ್ಟ್ ಅನ್ನುತ್ತಾರೆ. ಕನ್ನಡದಲ್ಲಿ 'ಭರವಸೆಯ ಆಟಗಾರ', 'ಉದಯೋನ್ಮುಖ ಆಟಗಾರ' ಅಂತ ಬರೆಯುವುದನ್ನು ನೋಡಿದ್ದೇನೆ. ಎರಡೂ ನನಗೆ ಸಪ್ಪೆ ಅನಿಸುತ್ತವೆ. ಯಾಕೆಂದರೆ ಎಳೆತನದಲ್ಲಿ ಎಷ್ಟೊಂದು ಹಂತ ಇದೆ ಅನ್ನುವುದು ಅವುಗಳಲ್ಲಿ ಬರುವುದಿಲ್ಲ. ಮೇಲಿನ ಲೀಗಿಗೆ ಬರುವ ಮೊದಲು ಹುಡುಗರು ನಾಲ್ಕೈದು ಮೆಟ್ಟಿಲು ಹತ್ತಬೇಕು. ಕೆಳಗಿನ ರೂಕಿ ಲೀಗಿನಿಂದ ಹಿಡಿದು ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. ನಮ್ಮಲ್ಲಿ ಮಾವಿನ ಮರಕ್ಕೆ ಇದಕ್ಕಿಂತ ಒಳ್ಳೆಯ ಪದಗಳಿವೆ. ಹೂವು, ಹೀಚು, ಮಿಡಿ, ಕಾಯಿ, ದೋರಗಾಯಿ, ಹಣ್ಣು.

ಇದನ್ನು ಆ ಐವರ ಮೇಲೆ ಇಟ್ಟು ನೋಡಿದೆ. ಹಾರ್ಲಿನ್ ಸುಸಾನಾಗೆ ಆಗ 18, ರೂಕಿ ಲೀಗಿನಲ್ಲಿದ್ದ. ಹೀಚು. ಜೇಮ್ಸ್ ವುಡ್‌ಗೆ 19, ಸಿಂಗಲ್ ಎಯಲ್ಲಿದ್ದ. ಮಿಡಿ. ರಾಬರ್ಟ್ ಹ್ಯಾಸಲ್ ಹೈ ಎಯಲ್ಲಿ, ಅವನು ಕಾಯಿ. ಸಿ.ಜೆ. ಏಬ್ರಮ್ಸ್ ಮತ್ತು ಮಕೆಂಜಿ ಗೋರ್ ಆಗಲೇ ಮೇಲಿನ ಲೀಗಿನಲ್ಲಿ ಆಡಿ ಬಂದಿದ್ದರು. ಇಬ್ಬರೂ ದೋರಗಾಯಿ. ಗೋರ್‌ಗೆ ಆಗ ಮೊಣಕೈ ನೋವು ಬೇರೆ. ಪ್ರಾಸ್ಪೆಕ್ಟ್ ಅನ್ನುವ ಒಂದೇ ಚೀಲದಲ್ಲಿ ಇವರನ್ನೆಲ್ಲ ತುಂಬುವುದಕ್ಕಿಂತ, "ಹಣ್ಣು ಕೊಟ್ಟು ಎರಡು ದೋರಗಾಯಿ, ಒಂದು ಕಾಯಿ, ಒಂದು ಮಿಡಿ, ಒಂದು ಹೀಚು ತಂದರು" ಅಂದರೆ ಅಮ್ಮನಿಗೆ ತಕ್ಷಣ ಅರ್ಥವಾಯಿತು. "ಹೀಚು ಎಲ್ಲಾ ಕಾಯಿ ಆಗಲ್ಲ ಕಣೋ" ಅಂದರು. ಬೇಸ್‌ಬಾಲ್ ಗೊತ್ತಿಲ್ಲದವರು ಪ್ರಾಸ್ಪೆಕ್ಟ್ ಬಗ್ಗೆ ಇಷ್ಟು ನಿಖರವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ದೋರಗಾಯಿ ಅನ್ನುವ ಪದ ನಿಮ್ಮ ಕಡೆ ಇದೆಯೇ? ಅದಕ್ಕೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.

ಇನ್ನು 'ಎತ್ತಂಗಡಿ'. ಅಧಿಕಾರಿಗಳನ್ನು ದಿಢೀರನೆ ವರ್ಗ ಮಾಡಿದಾಗ ನಮ್ಮ ಪತ್ರಿಕೆಗಳು ಬಳಸುವ ಪದ ಇದು. ಸಂತೆಯಲ್ಲಿ ಹಾಸಿದ ಅಂಗಡಿಯನ್ನು ಎತ್ತಿಕೊಂಡು ಹೋದ ಹಾಗೆ ನನ್ನ ಕಿವಿಗೆ ಕೇಳಿಸುತ್ತದೆ. ಸೋಟೊಗಿಂತ ಒಂದು ವರ್ಷ ಮೊದಲು, 2021ರ ಜುಲೈ ಕೊನೆಯಲ್ಲಿ, ನಮ್ಮ ತಂಡಕ್ಕೆ ಆದದ್ದು ಇದೇ. ಎರಡೇ ದಿನದಲ್ಲಿ ಎಂಟು ಜನ ಹೋದರು. ಮ್ಯಾಕ್ಸ್ ಶರ್ಜರ್ ಮತ್ತು ಟ್ರೇ ಟರ್ನರ್ ಒಟ್ಟಿಗೆ ಲಾಸ್ ಏಂಜಲೀಸ್ ಡಾಜರ್ಸ್‌ಗೆ. ಮಿಕ್ಕ ಆರು ಜನ ಬಾಸ್ಟನ್, ಟೊರಾಂಟೊ, ಓಕ್‌ಲ್ಯಾಂಡ್, ಸ್ಯಾನ್ ಡಿಯಾಗೋ, ಸೇಂಟ್ ಲೂಯಿಸ್ ಅಂತ ದಿಕ್ಕಿಗೊಬ್ಬರು. 2019ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಏಳು ಪಂದ್ಯಗಳವರೆಗಿನ ಫೈನಲ್, ಗೆದ್ದ ತಂಡ ಅದು. ಆ ವರ್ಷ ಮೇ ತಿಂಗಳಲ್ಲಿ 19 ಗೆಲುವು, 31 ಸೋಲು ಅಂತ ಇದ್ದವರು ಅಕ್ಟೋಬರ್ 30ರ ರಾತ್ರಿ ಹ್ಯೂಸ್ಟನ್‌ನಲ್ಲಿ ಏಳನೇ ಪಂದ್ಯ ಗೆದ್ದು ಕಪ್ ಎತ್ತಿದ್ದರು. ಎರಡು ವರ್ಷ ತುಂಬುವ ಮೊದಲೇ ಅಂಗಡಿ ಎತ್ತಿದರು. ಅದಕ್ಕೆ ಸಾಟಿ ಅನ್ನುವ ಪದ ಸಾಲದು. ಅದು ಎತ್ತಂಗಡಿಯೇ.

ಆದರೆ ಇಲ್ಲೊಂದು ತೊಡಕು. ಎತ್ತಂಗಡಿಯಲ್ಲಿ ಶಿಕ್ಷೆಯ ವಾಸನೆ ಇದೆ, ಮತ್ತು ಹೋಗುವವನನ್ನು ಯಾರೂ ಕೇಳುವುದಿಲ್ಲ. ಶರ್ಜರ್‌ನನ್ನು ಕೇಳಲೇಬೇಕಿತ್ತು. ಮೇಲಿನ ಲೀಗಿನಲ್ಲಿ ಹತ್ತು ವರ್ಷ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಆಡಿದವನು ಟ್ರೇಡ್ ಬೇಡ ಅನ್ನಬಹುದು. ಅವನು ಒಪ್ಪಿಯೇ ಹೋದ. ಕೆಲವರ ಒಪ್ಪಂದದಲ್ಲೂ ಈ ಹಕ್ಕು ಬರೆದಿರುತ್ತದೆ. ಸೋಟೊ ಟ್ರೇಡಿನಲ್ಲಿ ಪಾಡ್ರೆಸ್‌ನ ಎರಿಕ್ ಹಾಸ್ಮರ್ ವಾಷಿಂಗ್ಟನ್‌ಗೆ ಬರಬೇಕಿತ್ತು. ಬರುವುದಿಲ್ಲ ಅಂದ. ಅವನ ಬದಲು ಲ್ಯೂಕ್ ವಾಯ್ಟ್ ಬಂದ. ಈ ಹಕ್ಕಿಗೆ ನಾನು 'ಒಲ್ಲೆ ಹಕ್ಕು' ಅಂತ ಹೇಳಿಕೊಳ್ಳುತ್ತೇನೆ. 'ನಿರಾಕರಣಾಧಿಕಾರ' ಅನ್ನುವುದಕ್ಕಿಂತ ಒಲ್ಲೆ ಎಷ್ಟೋ ವಾಸಿ. ಒಂದೇ ಪದದಲ್ಲಿ 'ನಾನು' ಇದೆ, 'ಬೇಡ'ವೂ ಇದೆ.

ಋತುವಿನ ಕೊನೆಯ ಎರಡು ತಿಂಗಳಿಗೆ ಅಂತ ತರುವ ಆಟಗಾರನಿಗೆ ಇಲ್ಲಿ ರೆಂಟಲ್ ಅನ್ನುತ್ತಾರೆ. ಬಾಡಿಗೆ ಆಟಗಾರ ಅಂದರೆ ಸಾಕು. ಎರವಲು ಅಂದರೆ ತಪ್ಪಾಗುತ್ತದೆ, ಎರವಲು ತಂದದ್ದನ್ನು ಹಿಂದಿರುಗಿಸಬೇಕು. ಶರ್ಜರ್ ಬಾಡಿಗೆ. ಅವನ ಒಪ್ಪಂದ ಆ ವರ್ಷಕ್ಕೇ ಮುಗಿಯುತ್ತಿತ್ತು. ಸೋಟೊ ಬಾಡಿಗೆ ಅಲ್ಲ. ಅವನನ್ನು ಇನ್ನೂ ಎರಡೂವರೆ ಸೀಸನ್ ಇಟ್ಟುಕೊಳ್ಳಬಹುದಿತ್ತು. 15 ವರ್ಷಕ್ಕೆ 44 ಕೋಟಿ ಡಾಲರ್ ಕೊಡುತ್ತೇವೆ ಅಂದರೂ ಅವನು ಒಪ್ಪಲಿಲ್ಲ. ಅಲ್ಲಿಂದಲೇ ಕೊಡುವ ಮಾತು ಶುರುವಾದದ್ದು.

ಸೋಲಿನ ಪದಗಳ ಬಗ್ಗೆಯೂ ಕೇಳಬೇಕು. 2022ರಲ್ಲಿ ನಮ್ಮ ತಂಡ 162 ಪಂದ್ಯಗಳಲ್ಲಿ 107 ಸೋತಿತು. ಈ ತಂಡ ಬೇರೆ ಊರಿನಿಂದ ವಾಷಿಂಗ್ಟನ್‌ಗೆ ಬಂದ ಮೇಲೆ ಅಷ್ಟು ಸೋಲು ಯಾವತ್ತೂ ಇರಲಿಲ್ಲ. ದಿನಾ ರಾತ್ರಿ ಸೋಲು. 'ಸೋಲಿನ ಸರಣಿ' ಅಂತ ಬರೆಯಲು ಹೋದರೆ ಗೊಂದಲ. ಬೇಸ್‌ಬಾಲ್‌ನಲ್ಲಿ ಒಂದೇ ತಂಡದ ಜೊತೆ ಸಾಮಾನ್ಯವಾಗಿ ಮೂರು ಪಂದ್ಯ ಬೆನ್ನುಬೆನ್ನಿಗೆ ಇರುತ್ತದೆ, ಅದೂ ಸರಣಿಯೇ. ಸರಣಿ ಸೋತರೋ, ಸೋಲಿನ ಸರಣಿಯೋ? ನಾನು ಎರಡನೆಯದಕ್ಕೆ 'ಸಾಲು ಸೋಲು' ಅನ್ನುತ್ತೇನೆ. ಬಾಯಿಗೂ ಹಗುರ.

ಇದರ ಜೊತೆ ಇನ್ನೊಂದು ಗಮನಕ್ಕೆ ಬಂತು. ಪದಕ್ಕಿಂತ ಇದು ಕ್ರಿಯಾಪದದ ಕೊನೆಯ ವಿಷಯ. 2019ರಲ್ಲಿ ನಾನು "ಗೆದ್ವಿ" ಅಂದಿದ್ದೆ. 2022ರಲ್ಲೂ "ಇವತ್ತೂ ಸೋತ್ವಿ" ಅಂತಲೇ ಹೇಳುತ್ತಿದ್ದೆ. ಸೋಲನ್ನೂ ನಮ್ಮದು ಅಂದುಕೊಂಡೆ. ಆದರೆ ಸೋಟೊ ವಿಷಯಕ್ಕೆ "ಕೊಟ್ವಿ" ಅಂತ ಒಂದು ಸಲವೂ ಬಾಯಿಗೆ ಬರಲಿಲ್ಲ. "ಕೊಟ್ಬಿಟ್ರು." ಸೋತವರು ನಾವು, ಕೊಟ್ಟವರು ಅವರು. ಆರ್‌ಸಿಬಿ ಅಭಿಮಾನಿಗಳು ತಮ್ಮ ಮಾತನ್ನು ಒಮ್ಮೆ ಗಮನಿಸಿ ಹೇಳಿ. ನಿಮಗೂ ಹೀಗೇ ಆಗುತ್ತದೆಯೇ?

ಕೊನೆಯದು, 'ತವರು'. ಇದೇ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದ ಉತ್ತರ.

ಆಗಸ್ಟ್ 1ರ ರಾತ್ರಿ ನಾನು, ಮಗಳು ಇಬ್ಬರೂ ನ್ಯಾಷನಲ್ಸ್ ಪಾರ್ಕ್‌ನಲ್ಲಿದ್ದೆವು. ಅವಳಿಗೆ ಆಗ ಒಂಬತ್ತು. ಎದುರಾಳಿ ನ್ಯೂಯಾರ್ಕ್ ಮೆಟ್ಸ್. ಅವರ ಕಡೆಯಿಂದ ಚೆಂಡು ಎಸೆಯುತ್ತಿದ್ದವನು ಅದೇ ಶರ್ಜರ್, ಡಾಜರ್ಸ್ ಬಿಟ್ಟು ಅಷ್ಟರಲ್ಲಿ ಮೆಟ್ಸ್ ಸೇರಿದ್ದ. ಸೋಟೊ ಅವನ ಚೆಂಡನ್ನು ಹೋಮ್ ರನ್ ಹೊಡೆದ, ನಮ್ಮ ಸಿಕ್ಸರ್ ಇದ್ದ ಹಾಗೆ. ಹೋದವನೊಬ್ಬ, ಹೋಗಲಿರುವವನೊಬ್ಬ. ಮಗಳು "ನಾಳೆ ಇವನು ಇರ್ತಾನಾ?" ಅಂದಳು. ಟ್ರೇಡಿನ ಗಡುವು ಮರುದಿನ ಸಂಜೆ ಆರಕ್ಕೆ. ಆ ವಾರ ಅಭಿಮಾನಿಗಳು ಆಟಕ್ಕಿಂತ ಡಗ್‌ಔಟ್, ಅಂದರೆ ಆಟಗಾರರು ಕೂರುವ ಜಾಗದ ಕಡೆಯೇ ಜಾಸ್ತಿ ನೋಡುತ್ತಾರೆ. ಯಾರಾದರೂ ಯಾರನ್ನಾದರೂ ತಬ್ಬಿಕೊಂಡರೆ ಸುದ್ದಿ ಬಂದಿದೆ ಅಂತ ಅರ್ಥ. ಮಗಳಿಗೆ ನಾನು ಉತ್ತರ ಕೊಡಲಿಲ್ಲ.

ಆಗಸ್ಟ್ 12ರಂದು ಸೋಟೊ ಅದೇ ಮೈದಾನಕ್ಕೆ ಪಾಡ್ರೆಸ್ ಬಟ್ಟೆಯಲ್ಲಿ ಬಂದ. ಮೊದಲ ಸಲ ಬ್ಯಾಟ್ ಹಿಡಿದು ಬಂದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಹೆಲ್ಮೆಟ್ ತೆಗೆದು ಜನರ ಕಡೆ ನೋಡಿದ. ನಮ್ಮ ಕ್ರೀಡಾ ಪುಟಗಳ ಪ್ರಕಾರ ಆ ದಿನ ತವರಿನಲ್ಲಿ ಆಡಿದ್ದು ನ್ಯಾಷನಲ್ಸ್, ಸೋಟೊ ಪ್ರವಾಸಿ ತಂಡದವನು. 'ತವರಿನ ಅಂಗಳ' ಅಂದರೆ ನಮಗೆ ಸ್ವಂತ ಮೈದಾನ, ಅಷ್ಟೇ. ಆದರೆ ತವರು ಅಂದರೆ ನಾವು ಇರುವ ಮನೆ ಅಲ್ಲವಲ್ಲ. ಬಿಟ್ಟು ಹೋದ ಮೇಲೆ ಅದು ತವರಾಗುತ್ತದೆ. ಕೊಟ್ಟ ಮನೆಯಿಂದ ಎರಡು ದಿನಕ್ಕೆ ಅಂತ ಬರುವವಳಿಗೆ ಮಾತ್ರ ತವರು ಇರುವುದು. ಹಾಗಾದರೆ ಆ ರಾತ್ರಿ ತವರಿಗೆ ಬಂದವನು ಸೋಟೊ ಒಬ್ಬನೇ ಅಲ್ವಾ?

ಆಮೇಲೆ ಏಬ್ರಮ್ಸ್ 2024ರಲ್ಲಿ, ವುಡ್ ಮತ್ತು ಗೋರ್ 2025ರಲ್ಲಿ ಆಲ್ ಸ್ಟಾರ್ ಆದರು, ಅಂದರೆ ಆ ವರ್ಷದ ಆಯ್ದ ಆಟಗಾರರ ಪಂದ್ಯಕ್ಕೆ ಆರಿಸಿದರು. ಮಿಡಿ ಹಣ್ಣಾಯಿತು ಅಂತ ಅಮ್ಮನಿಗೆ ಹೇಳಿದೆ. ಸೋಟೊ ಪಾಡ್ರೆಸ್‌ನಿಂದ ಮತ್ತೆ ಟ್ರೇಡ್ ಆಗಿ ಯಾಂಕೀಸ್‌ಗೆ, ಅಲ್ಲಿಂದ 76.5 ಕೋಟಿ ಡಾಲರ್ ಒಪ್ಪಂದಕ್ಕೆ ಮೆಟ್ಸ್‌ಗೆ ಹೋದ. ಮೆಟ್ಸ್ ವಾಷಿಂಗ್ಟನ್‌ಗೆ ಆಡಲು ಬಂದಾಗಲೆಲ್ಲ ಆ ವಾಕ್ಯವನ್ನು ಹೇಗೆ ಬರೆಯುವುದು ಅಂತ ಯೋಚಿಸುತ್ತೇನೆ.

ಕ್ರೀಡಾ ಬರಹದಲ್ಲಿ ತವರನ್ನು ಈ ಹಳೆಯ ಅರ್ಥದಲ್ಲಿ ಬಳಸಿದ್ದನ್ನು ಯಾರಾದರೂ ನೋಡಿದ್ದೀರಾ? ಗಂಡಸಿಗೆ ತವರು ಅನ್ನುವುದು ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? 'ಸಾಟಿ ಮಾಡು' ನಿಮ್ಮ ಊರಿನ ಮಾತಿನಲ್ಲಿ ಇನ್ನೂ ಇದ್ದರೆ ಅದನ್ನೂ ಬರೆಯಿರಿ. ಯಾವ ತಾಲೂಕು, ಯಾರ ಬಾಯಲ್ಲಿ ಕೇಳಿದ್ದು ಅಂತ ಹೇಳಿದರೆ ಇನ್ನೂ ಒಳ್ಳೆಯದು.