ಸೋಲುವಾಗ ಗಡಿಯಾರ ಓಡಿಸುವುದು, ಡ್ರಾ ಆಟವನ್ನು ಸಮಯದ ಮೇಲೆ ಗೆಲ್ಲುವುದು: ಆನ್‌ಲೈನ್ ಚೆಸ್‌ನಲ್ಲಿ ಯಾವುದು ತಪ್ಪು?

ಕುದುರೆಸವಾರ (ಪ್ರಶ್ನೆ)

ಆನ್‌ಲೈನ್‌ನಲ್ಲಿ ಬಹುಕಾಲದಿಂದ ಚೆಸ್ ಆಡುತ್ತಿರುವವರ ಅಭಿಪ್ರಾಯ ಬೇಕಾಗಿದೆ. ತಲಾ ಹತ್ತು ನಿಮಿಷದ ಆಟವೊಂದರಲ್ಲಿ ನಾನು ಎದುರಾಳಿಯ ರಾಣಿಯನ್ನು ಹೊಡೆದ ಕೂಡಲೇ ಅವರು ನಡೆ ಇಡುವುದನ್ನೇ ನಿಲ್ಲಿಸಿಬಿಟ್ಟರು. ಅವರ ಗಡಿಯಾರದಲ್ಲಿ ಇನ್ನೂ ಆರು ನಿಮಿಷಕ್ಕೂ ಹೆಚ್ಚು ಸಮಯವಿತ್ತು, ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿರಲಿಲ್ಲವಾದ್ದರಿಂದ ಸಂಪರ್ಕ ಕಡಿದಿರಲಿಲ್ಲವೆಂಬುದೂ ತಿಳಿಯುತ್ತಿತ್ತು. ಕೊನೆಯ ಕೆಲವೇ ಸೆಕೆಂಡುಗಳು ಉಳಿದಾಗ ಥಟ್ಟನೆ ಒಂದು ನಡೆ ಇಟ್ಟರು. ನಾನು ಬೇಸತ್ತು ಎದ್ದುಹೋಗಿರುತ್ತೇನೆ, ನನ್ನ ಸಮಯವೂ ಮುಗಿದುಹೋಗಬಹುದು ಎಂಬ ಲೆಕ್ಕಾಚಾರ ಇದ್ದಿರಬೇಕು.

ಇನ್ನೊಂದು ಆಟದಲ್ಲಿ ದೂರು ನನ್ನ ಮೇಲೆಯೇ ಬಂತು. ಅದು ಇನ್‌ಕ್ರಿಮೆಂಟ್ (ಪ್ರತಿ ನಡೆಗೂ ಗಡಿಯಾರಕ್ಕೆ ಸೇರುವ ಹೆಚ್ಚುವರಿ ಸೆಕೆಂಡುಗಳು) ಇಲ್ಲದ ಮೂರು ನಿಮಿಷದ ಬ್ಲಿಟ್ಜ್, ಅಂದರೆ ಅತಿವೇಗದ ಆಟ. ಕೊನೆಗೆ ಇಬ್ಬರಲ್ಲೂ ಒಂದೊಂದು ಆನೆ ಮಾತ್ರ ಉಳಿದಿತ್ತು. ಅವರು ಡ್ರಾ ಕೇಳಿದರು, ನಾನು ಒಪ್ಪದೆ ವೇಗವಾಗಿ ನಡೆಗಳನ್ನು ಇಡುತ್ತಾ ಹೋದೆ, ಅವರ ಸಮಯ ಮುಗಿದು ನಾನು ಗೆದ್ದೆ. ಇಂಥ ಗೆಲುವಿಗೆ ನಾಚಿಕೆಯಾಗಬೇಕು ಎಂದು ಅವರು ಚಾಟ್‌ನಲ್ಲಿ ಬರೆದರು. ಎರಡೂ ಕಡೆ ಆಟಗಾರರು ತಮ್ಮ ಗಡಿಯಾರದ ಮಿತಿಯೊಳಗೇ ಆಡಿದ್ದಾರೆ. ಹಾಗಿರುವಾಗ ಮೊದಲನೆಯದನ್ನು ತಪ್ಪೆಂದು ಹೇಳುವ ಹಕ್ಕು ನನಗಿದೆಯೇ?

ಗಡಿಯಾರದ ಪಕ್ಕ

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎದುರಾಳಿಯ ಗಮನ ಕೆಡಿಸುವುದನ್ನೂ ಅವರಿಗೆ ಕಿರಿಕಿರಿ ಉಂಟುಮಾಡುವುದನ್ನೂ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ಚೆಸ್ ನಿಯಮಾವಳಿಯ 11.5ನೇ ವಿಧಿ ಯಾವ ರೂಪದಲ್ಲಿದ್ದರೂ ನಿಷೇಧಿಸುತ್ತದೆ. ಆ ವಿಧಿಯನ್ನು ಬರೆದಿರುವುದು ಎದುರುಬದುರು ಕುಳಿತು ಆಡುವವರಿಗಾಗಿ. ಆದರೂ ಸೋತ ಸಿಟ್ಟನ್ನು ತೀರಿಸಿಕೊಳ್ಳಲು ಇನ್ನೊಬ್ಬರನ್ನು ಪರದೆಯ ಮುಂದೆ ಕಟ್ಟಿಹಾಕುವುದು ಅದರ ಆಶಯಕ್ಕೆ ವಿರುದ್ಧವೆಂಬುದರಲ್ಲಿ ಅನುಮಾನವಿಲ್ಲ. ದೊಡ್ಡ ಜಾಲತಾಣಗಳು ಈ ವರ್ತನೆಯನ್ನು ಗುರುತಿಸುತ್ತವೆ, ಪದೇ ಪದೇ ಮಾಡುವವರಿಗೆ ಕೆಲಕಾಲ ಹೊಸ ಆಟ ಸಿಗದಂತೆಯೂ ಮಾಡುತ್ತವೆ. ರಾಣಿ ಹೋದ ಮೇಲೆ ಎರಡು ನಿಮಿಷ ಯೋಚಿಸುವವರನ್ನು ಮಾತ್ರ ಈ ಗುಂಪಿಗೆ ಸೇರಿಸಬಾರದು, ಏಕೆಂದರೆ ಯೋಚಿಸಬೇಕಾದ ಹೊತ್ತೇ ಅದು. ನೀವು ವಿವರಿಸಿದ ಆ ಕೊನೆಯ ಗಳಿಗೆಯ ನಡೆ ಅವರ ಉದ್ದೇಶವನ್ನು ತೋರಿಸಿಕೊಟ್ಟಿದೆ. ಚಾಟ್‌ನಲ್ಲಿ ಒಂದು ಮಾತನ್ನೂ ಬರೆಯದೆ, ಆಟ ಮುಗಿದ ಮೇಲೆ ದೂರು ದಾಖಲಿಸಿ ಸುಮ್ಮನಾಗುವುದೇ ಸರಿಯಾದ ದಾರಿ.

ಇನ್ನು ನಿಮ್ಮ ಬ್ಲಿಟ್ಜ್ ಆಟ. ಸಮಯ ಮುಗಿದವರು ಸೋಲುತ್ತಾರೆ. ನಿಯಮಬದ್ಧವಾದ ಯಾವ ನಡೆಗಳ ಸರಣಿಯಿಂದಲೂ ಎದುರಾಳಿಗೆ ಚೆಕ್‌ಮೇಟ್ ಮಾಡಲು ಸಾಧ್ಯವೇ ಇಲ್ಲದಿದ್ದಾಗ ಮಾತ್ರ ಅದು ಡ್ರಾ ಆಗುತ್ತದೆ ಎಂದು ಫಿಡೆ ನಿಯಮ ಹೇಳುತ್ತದೆ. ಆನೆಗೆ ಆನೆ ಇದ್ದಾಗ ಸಹಜವಾಗಿ ಆಡಿದರೆ ಯಾರೂ ಗೆಲ್ಲುವುದಿಲ್ಲ, ಆದರೆ ಚೆಕ್‌ಮೇಟ್ ಸಾಧ್ಯವೇ ಇಲ್ಲವೆನ್ನುವಂತಿಲ್ಲ. ಇನ್‌ಕ್ರಿಮೆಂಟ್ ಇಲ್ಲದ ದೀರ್ಘ ಆಟಗಳಲ್ಲಿಯೂ ಅವಕ್ಕಿಂತ ಚುಟುಕಾದ ರ‍್ಯಾಪಿಡ್ ಆಟಗಳಲ್ಲಿಯೂ, ಆಯೋಜಕರು ಮೊದಲೇ ಪ್ರಕಟಿಸಿದ್ದರೆ, ಎರಡು ನಿಮಿಷಕ್ಕಿಂತ ಕಡಿಮೆ ಸಮಯ ಉಳಿದ ಆಟಗಾರರು ಎದುರಾಳಿ ಗೆಲ್ಲುವ ಪ್ರಯತ್ನವನ್ನೇ ಮಾಡುತ್ತಿಲ್ಲವೆಂದು ತೀರ್ಪುಗಾರರ ಮುಂದೆ ಡ್ರಾ ಕೇಳಬಹುದು. ಫಿಡೆಯ ಈ ಮಾರ್ಗಸೂಚಿ ಬ್ಲಿಟ್ಜ್‌ಗೆ ಅನ್ವಯಿಸುವುದಿಲ್ಲವೆಂದು ಅದರಲ್ಲಿಯೇ ಸ್ಪಷ್ಟವಾಗಿ ಬರೆದಿದೆ. ಅಂದಮೇಲೆ, ಎದುರುಬದುರು ಕುಳಿತು ಆಡುವ ಬ್ಲಿಟ್ಜ್‌ನಲ್ಲಿಯೂ ಇಲ್ಲದ ರಕ್ಷಣೆಯನ್ನು ಅವರು ನಿಮ್ಮಿಂದ ಬಯಸಿದ್ದರು. ಅವರು ಕಳೆದುಕೊಂಡ ಸಮಯವನ್ನು ನೀವು ಹೆಚ್ಚು ಜಾಣತನದಿಂದ ಉಳಿಸಿಕೊಂಡಿದ್ದಿರಿ, ಅಷ್ಟೇ. ಇಂಥ ಅಂತ್ಯ ಇಷ್ಟವಿಲ್ಲದವರಿಗೆ ಪ್ರತಿ ನಡೆಗೆ ಎರಡು ಸೆಕೆಂಡು ಸೇರುವ ಆಟವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದೇ ಇದೆ.

ಎಂಟನೇ ಸಾಲಿನ ಪದಾತಿ

ಮೇಲಿನ ಉತ್ತರವನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಶಿಷ್ಟಾಚಾರದ ಚರ್ಚೆ ಸದಾ ಸೋಲುವವರ ಕಡೆಗೇ ಬೆರಳು ತೋರಿಸುವುದು ನನಗೆ ಸರಿಕಾಣುವುದಿಲ್ಲ. ಸ್ಥಿತಿ ಕೆಟ್ಟ ತಕ್ಷಣ ಸೋಲೊಪ್ಪಿಕೊಳ್ಳಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಕಡಿಮೆ ರೇಟಿಂಗ್‌ನ ಆಟಗಳಲ್ಲಂತೂ ರಾಣಿ ಕಳೆದುಕೊಂಡವರೇ ಮುಂದೆ ಗೆದ್ದ, ಇಲ್ಲವೇ ಸ್ಟೇಲ್‌ಮೇಟ್ (ಚೆಕ್ ಇಲ್ಲದಿದ್ದರೂ ಇಡಲು ನಡೆಯೇ ಉಳಿಯದೆ ಡ್ರಾ ಆಗುವ ಸ್ಥಿತಿ) ಮಾಡಿಸಿಕೊಂಡು ಅರ್ಧ ಅಂಕ ಗಳಿಸಿದ ಉದಾಹರಣೆಗಳಿಗೆ ಬರವಿಲ್ಲ. ಅವರು ನಡೆ ಇಡುತ್ತಾ ಹೋರಾಡುವವರೆಗೆ ಅದು ಆಟವೇ.

ಗೆಲ್ಲುವವರ ಒರಟುತನ ಇದಕ್ಕಿಂತ ಹೆಚ್ಚು ನೋಯಿಸುತ್ತದೆ. ಎರಡೇ ನಡೆಯಲ್ಲಿ ಮೇಟ್ ಇರುವಾಗ ಅದನ್ನು ಬಿಟ್ಟು, ಉಳಿದ ಪದಾತಿಗಳನ್ನೆಲ್ಲ ಒಂದೊಂದಾಗಿ ಎಂಟನೇ ಸಾಲಿಗೆ ನಡೆಸಿ ನಾಲ್ಕು ರಾಣಿಯರನ್ನು ಮಾಡಿಕೊಳ್ಳುವವರನ್ನು ನೀವೂ ಕಂಡಿರುತ್ತೀರಿ. ಎದುರಾಳಿಯ ಒಂಟಿ ರಾಜನಿಗೆ ಹೋಗಲು ಮನೆಯೇ ಇಲ್ಲದಂತಾಗಿ ಅಂಥ ಆಟ ಸ್ಟೇಲ್‌ಮೇಟ್ ಆದರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಚಾಟ್‌ನಲ್ಲಿ 'ಗುಡ್ ಗೇಮ್' ಎನ್ನುವುದಕ್ಕೂ ಹೊತ್ತುಗೊತ್ತು ಇದೆ. ಎದುರಾಳಿ ಇನ್ನೂ ಸೋಲೊಪ್ಪದೆ ಯೋಚಿಸುತ್ತಿರುವಾಗ ಗೆಲ್ಲುತ್ತಿರುವವರು ಅದನ್ನು ಬರೆದರೆ ಅದು ಸೌಜನ್ಯದ ವೇಷ ತೊಟ್ಟ ಅಣಕವಾಗುತ್ತದೆ. ಆಟ ಮುಗಿದ ಮೇಲೆ ಬರೆದರೆ ಯಾರ ತಕರಾರೂ ಇಲ್ಲ. ಒಮ್ಮೆ ನಿರಾಕರಿಸಿದ ಮೇಲೆ, ಸ್ಥಿತಿ ಬದಲಾಗದಿದ್ದರೂ ಮತ್ತೆ ಮತ್ತೆ ಡ್ರಾ ಕೇಳುವುದೂ ಕಿರಿಕಿರಿಯೇ; ಅಸಮಂಜಸವಾಗಿ ಡ್ರಾ ಕೇಳುವುದನ್ನು ಮೇಲೆ ಹೇಳಿದ 11.5ನೇ ವಿಧಿಯೇ ಆ ಪಟ್ಟಿಗೆ ಸೇರಿಸಿದೆ. ಮೌಸ್ ಜಾರಿದಾಗ ಟೇಕ್‌ಬ್ಯಾಕ್ (ಇಟ್ಟ ನಡೆಯನ್ನು ಹಿಂದಕ್ಕೆ ಪಡೆಯುವ ಅವಕಾಶ) ಕೊಡುವುದು ದೊಡ್ಡ ಮನಸ್ಸು, ಕೊಡದಿರುವುದು ತಪ್ಪಲ್ಲ. ರೀಮ್ಯಾಚ್ ವಿಷಯವೂ ಹಾಗೆಯೇ.

ಬಿಳಿಮನೆ ಕಪ್ಪುಮನೆ

ಸಂಪರ್ಕ ಕಡಿತದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 2020ರ ಜೂನ್‌ನಲ್ಲಿ ಆನ್‌ಲೈನ್‌ನಲ್ಲಿ ನಡೆದ ಚೆಸ್ಸೆಬಲ್ ಮಾಸ್ಟರ್ಸ್ ಟೂರ್ನಿಯ ಸೆಮಿಫೈನಲ್‌ನಲ್ಲಿ ಚೀನಾದ ಡಿಂಗ್ ಲಿರೆನ್ ಅವರ ಇಂಟರ್ನೆಟ್ ಕೈಕೊಟ್ಟು, ಡ್ರಾ ಆಗುವಂತಿದ್ದ ಆಟ ಸಮಯದ ಮೇಲೆ ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಅವರ ಪಾಲಾಯಿತು. ಮುಂದಿನ ಆಟದ ಆರಂಭದಲ್ಲಿಯೇ ಕಾರ್ಲ್‌ಸನ್ ಬೇಕೆಂದೇ ತಮ್ಮ ರಾಣಿಯನ್ನು ಒಪ್ಪಿಸಿ ಸೋಲೊಪ್ಪಿಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ಫಿಡೆ ಆನ್‌ಲೈನ್ ಒಲಿಂಪಿಯಾಡ್‌ನ ಫೈನಲ್ ಸರ್ವರ್ ತೊಂದರೆಯಿಂದ ಏರುಪೇರಾದಾಗ ಭಾರತ ಮತ್ತು ರಷ್ಯಾ ತಂಡಗಳನ್ನು ಜಂಟಿ ವಿಜೇತರೆಂದು ಘೋಷಿಸಲಾಯಿತು. ಆದರೆ ಅದೇ ಒಲಿಂಪಿಯಾಡ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಅರ್ಮೇನಿಯಾದ ಆಟಗಾರರೊಬ್ಬರ ಸಂಪರ್ಕ ಕಡಿದು ಆಟ ಹೋದಾಗ ಆ ತಂಡದ ಮೇಲ್ಮನವಿ ತಿರಸ್ಕೃತವಾಗಿತ್ತು, ತಂಡ ಟೂರ್ನಿಯಿಂದಲೇ ಹೊರನಡೆದಿತ್ತು. ಅತಿ ಎತ್ತರದ ಮಟ್ಟದಲ್ಲಿಯೇ ಇದಕ್ಕೊಂದು ಖಚಿತ ಅಳತೆ ಸಿಗದಿರುವಾಗ, ಅಪರಿಚಿತರ ಜೊತೆಗಿನ ಐದು ನಿಮಿಷದ ಆಟದಲ್ಲಿ ಕಾರ್ಲ್‌ಸನ್ ಮಾಡಿದ್ದನ್ನು ಎಲ್ಲರಿಂದ ನಿರೀಕ್ಷಿಸಲಾಗದು. ಲಿಚೆಸ್ ಎಂಬ ಚೆಸ್ ತಾಣದಲ್ಲಿ ಎದುರಾಳಿ ಹೊರಟುಹೋದರೆ ಸ್ವಲ್ಪ ಹೊತ್ತಿನ ನಂತರ ಗೆಲುವನ್ನಾಗಲಿ ಡ್ರಾವನ್ನಾಗಲಿ ಕೇಳಿ ಪಡೆಯುವ ಅವಕಾಶವಿದೆ. ಸಮನಾದ ಸ್ಥಿತಿಯಿದ್ದರೆ ನಾನು ಡ್ರಾ ಒತ್ತುತ್ತೇನೆ. ಎದುರಾಳಿಗೆ 15 ಸೆಕೆಂಡು ಸೇರಿಸಿಕೊಡುವ ಗುಂಡಿಯೂ ಅಲ್ಲಿದೆ.

ಎಂಜಿನ್ (ನಡೆ ಹೇಳಿಕೊಡುವ ಚೆಸ್ ತಂತ್ರಾಂಶ) ಬಳಸುತ್ತಿದ್ದೀರೆಂದು ಚಾಟ್‌ನಲ್ಲಿ ಆರೋಪಿಸುವುದನ್ನು ಮಾತ್ರ ನಾನು ಎಲ್ಲಕ್ಕಿಂತ ಕೆಟ್ಟ ನಡತೆ ಎನ್ನುತ್ತೇನೆ. ಒಂದು ಆಟದ ನಿಖರತೆಯ ಅಂಕಿಯಿಂದ ಏನನ್ನೂ ಸಾಬೀತುಪಡಿಸಲಾಗದು. ದಿನಗಟ್ಟಲೆ ನಡೆಯುವ ಆಟಗಳಲ್ಲಿ ಓಪನಿಂಗ್ (ಆಟದ ಆರಂಭದ ನಡೆಗಳ) ಪುಸ್ತಕ ನೋಡುವುದಕ್ಕೆ ಅನುಮತಿಯೇ ಇರುತ್ತದೆ, ಎಂಜಿನ್‌ಗೆ ಇರುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಜಗಳಕ್ಕೆ ಇಳಿದವರೂ ಇದ್ದಾರೆ. ಅನುಮಾನವಿದ್ದರೆ ದೂರು ಕೊಡಿ. ಮೋಸ ಸಾಬೀತಾಗಿ ಆ ಖಾತೆ ಮುಚ್ಚಿದರೆ ನೀವು ಕಳೆದುಕೊಂಡ ರೇಟಿಂಗ್ ಅಂಕಗಳನ್ನು ತಾಣಗಳು ಹಿಂದಿರುಗಿಸುತ್ತವೆ.

ಕುದುರೆಸವಾರ

ಎಲ್ಲರಿಗೂ ಧನ್ಯವಾದಗಳು. ಬ್ಲಿಟ್ಜ್‌ಗೆ ಆ ಮಾರ್ಗಸೂಚಿ ಅನ್ವಯಿಸುವುದಿಲ್ಲವೆಂಬುದು ನನಗೆ ತಿಳಿದಿರಲಿಲ್ಲ. ಒಂದು ಅನುಮಾನ ಉಳಿದಿದೆ: ಆನೆಗೆ ಆನೆ ಇರುವಾಗ ಎದುರಾಳಿ ಡ್ರಾ ಕೇಳಿದರೆ, ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ ಸಮಯ ಉಳಿದಿದ್ದರೂ ನಿರಾಕರಿಸಬಹುದೇ?

ಗಡಿಯಾರದ ಪಕ್ಕ

ನಿರಾಕರಿಸಬಹುದು, ಆದರೆ ನಾನಾದರೆ ಒಪ್ಪಿಕೊಂಡುಬಿಡುತ್ತೇನೆ. ಸಮಯದಲ್ಲಿ ನಿಮಗೆ ಮುನ್ನಡೆ ಇದ್ದಾಗ ಅದನ್ನು ದುಡಿದು ಗಳಿಸಿದ್ದೀರಿ ಎನ್ನಬಹುದು. ಇಬ್ಬರಲ್ಲೂ ನಾಲ್ಕು ನಾಲ್ಕು ಸೆಕೆಂಡು ಉಳಿದಾಗ ಗೆಲ್ಲುವುದು ವೇಗವಾದ ಇಂಟರ್ನೆಟ್ ಯಾರ ಬಳಿ ಇದೆಯೋ ಅವರು.