ಲಾಂಗ್‌ಇಯರ್‌ಬೈನ್‌ನಿಂದ ನಿ-ಆಲೆಸುಂಡ್‌ಗೆ ನಿಜವಾಗ್ಲೂ ಎಷ್ಟು ದೂರ? ಫ್ಲೈಟ್ 25 ನಿಮಿಷ ಅಂತಾರೆ, ಲೆಕ್ಕ ತಾಳೆ ಆಗ್ತಿಲ್ಲ

ಮಲ್ಲೇಶ್ವರಂ_ಮಾಣಿ:
ನನ್ ತಂಗಿ ರಿಸರ್ಚ್ ಕೆಲಸಕ್ಕೆ ಉತ್ತರ ಧ್ರುವದ ಕಡೆ ಇರೋ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಿಗೆ, ಅಲ್ಲಿ ನಿ-ಆಲೆಸುಂಡ್‌ನಲ್ಲಿರೋ ನಮ್ಮ ಇಂಡಿಯಾದ ಹಿಮಾದ್ರಿ ಸ್ಟೇಷನ್‌ಗೆ ಹೋಗ್ತಿದಾಳೆ. ಅಲ್ಲಿನ ಮುಖ್ಯ ಊರು ಲಾಂಗ್‌ಇಯರ್‌ಬೈನ್‌ನಲ್ಲಿ ಇಳಿದು ಇನ್ನೊಂದು ಫ್ಲೈಟ್ ಹಿಡೀಬೇಕು. ಮ್ಯಾಪ್ ಆ್ಯಪ್‌ನಲ್ಲಿ ರೂಟ್ ಕೇಳಿದ್ರೆ ರೋಡೇ ತೋರಿಸಲ್ಲ. ಎರಡೂ ಏರ್‌ಪೋರ್ಟಿನ ರೇಖಾಂಶಕ್ಕೆ 3.6 ಡಿಗ್ರಿ ವ್ಯತ್ಯಾಸ, ಡಿಗ್ರಿಗೆ 111 ಕಿ.ಮೀ. ಅಂದ್ರೂ 400 ಆಯ್ತು, ಅದನ್ನ ಪ್ರೊಪೆಲರ್ ವಿಮಾನ 25 ನಿಮಿಷಕ್ಕೆ ಹೆಂಗೆ ದಾಟುತ್ತೆ? ಅಮ್ಮ ಬೇರೆ ದಿನಾ ಕೇಳ್ತಿದಾರೆ.

ಭೂಪಟ_ಭಟ್ಟ:
111 ಅನ್ನೋದು ಸಮಭಾಜಕದ ಹತ್ರ ಮಾತ್ರ ಸರ್. ಮೇಲ್ಮೇಲೆ ಹೋದಂಗೆ ರೇಖಾಂಶಗಳು ಒಂದಕ್ಕೊಂದು ಹತ್ರ ಬರ್ತಾವೆ, 78.5 ಡಿಗ್ರಿ ಉತ್ತರದಲ್ಲಿ ಒಂದು ಡಿಗ್ರಿ ಅಂದ್ರೆ ಬರೀ 22 ಕಿ.ಮೀ. ಸೋ ಪಶ್ಚಿಮಕ್ಕೆ ಸುಮಾರು 79, ಉತ್ತರಕ್ಕೆ ಸುಮಾರು 76, ಪೈಥಾಗೊರಸ್ ಹಾಕಿದ್ರೆ ಹತ್ತಿರ ಹತ್ತಿರ 110 ಕಿ.ಮೀ. ಅಷ್ಟೇ. ಬೆಂಗಳೂರು-ಮೈಸೂರು ನೇರ ಗೆರೆ ಎಳೆದ್ರೆ ಅದಕ್ಕಿಂತ ಜಾಸ್ತಿ ಬರುತ್ತೆ! ಮೊಬೈಲ್ ಮ್ಯಾಪು ಆ ಕಡೆ ಎಲ್ಲಾನೂ ಐದು ಪಟ್ಟು ಹಿಗ್ಗಿಸಿ ತೋರಿಸುತ್ತೆ, ಅದಕ್ಕೇ ದೂರ ಅನ್ಸೋದು. ಮತ್ತೆ ರೋಡ್ ತೋರಿಸ್ತಿಲ್ಲ ಅಂದ್ರಲ್ಲ, ಅಲ್ಲಿ ಒಂದೂರಿಂದ ಇನ್ನೊಂದೂರಿಗೆ ರೋಡೇ ಇಲ್ಲ.

ಧಾರವಾಡ_ಮಂದಿ:
ಭಟ್ರ ಲೆಕ್ಕ ಬರೋಬ್ಬರಿ ಐತ್ರಿ. ಆದ್ರ 25 ನಿಮಿಷ ಅಂದ್ರ ಬರೇ ಹಾರೋ ಟೈಮ್, ಅದನ್ನ ನಂಬಿ ಮುಂದಿನ ಟಿಕೆಟ್ ಬುಕ್ ಮಾಡಬ್ಯಾಡ್ರಿ. ಅದು 19 ಸೀಟಿನ ಡಾರ್ನಿಯರ್ 228, ನಮ್ಮ ಎಚ್‌ಎಎಲ್‌ನವ್ರು ಕಾನ್ಪುರದಾಗ ಮಾಡ್ತಾರಲ್ಲ ಅದ ಮಾಡೆಲ್. ವಾರಕ್ಕ ಕೆಲವೇ ಟ್ರಿಪ್, ಅಲ್ಲಿ ಕೆಲಸ ಇದ್ದವ್ರಿಗಷ್ಟ ಸೀಟು, ಟೂರಿಸ್ಟ್ ಮಂದಿ ಬ್ಯಾಸಿಗ್ಯಾಗ ಬೋಟಿನ್ಯಾಗ ಹೋಗ್ತಾರ. ಮಂಜು ಕವಿದ್ರ ಮುಗೀತು, ನಮ್ಮ ದೋಸ್ತ್ ಒಬ್ಬಾಂವ ಬ್ಯಾಗ್ ಕಟ್ಕೊಂಡು ಇವತ್ತ ಬಿಡ್ತೈತಿ ನಾಳೆ ಬಿಡ್ತೈತಿ ಅಂತ ಲಾಂಗ್‌ಇಯರ್‌ಬೈನ್‌ನಾಗ ಕುಂತಿದ್ದ. ಓಸ್ಲೊದಿಂದ ಅಲ್ಲೀತನಕ ನೇರ ಫ್ಲೈಟ್ ಮೂರು ತಾಸು, ಆ ಕಡೆ ತೊಂದ್ರಿ ಕಡಿಮಿ.

ಮಲ್ಲೇಶ್ವರಂ_ಮಾಣಿ:
ಥ್ಯಾಂಕ್ಸ್ ಇಬ್ರಿಗೂ. ಅಲ್ಲಿ ಇಳಿದ ತಕ್ಷಣ ವಾಟ್ಸಾಪ್ ಮಾಡು ಅಂತ ಹೇಳಿದೀನಿ, ನೆಟ್‌ವರ್ಕ್ ಸಿಗುತ್ತಾ?

ತುಮಕೂರು_ತಾರೆ:
ಇಳಿದ ತಕ್ಷಣ ಆಗಲ್ಲ ಅಣ್ಣ. ನಿ-ಆಲೆಸುಂಡ್ ರೇಡಿಯೋ ಸೈಲೆಂಟ್ ಜಾಗ, ದೊಡ್ಡ ಆಂಟೆನಾಗಳಿಗೆ ಡಿಸ್ಟರ್ಬ್ ಆಗ್ಬಾರ್ದು ಅಂತ ಫೋನ್ ಫ್ಲೈಟ್ ಮೋಡ್‌ನಲ್ಲೇ ಇರ್ಬೇಕು, ವೈಫೈ ಬ್ಲೂಟೂತ್ ಎರಡೂ ಆಫ್. ಇಂಟರ್ನೆಟ್ ಇದೆ, ಆದ್ರೆ ಕೇಬಲ್ ಚುಚ್ಚಿ ಲ್ಯಾಪ್‌ಟಾಪಲ್ಲಿ ಬಳಸ್ಬೇಕು. 2023ರ ಡಿಸೆಂಬರ್‌ನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಹೋದಾಗ ನಮ್ಮ ಬೆಂಗಳೂರಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರೂ ಹೋಗಿದ್ರು, ಅಲ್ಲಿನ ರೇಡಿಯೋ ವಾತಾವರಣ ಅಳೆಯೋಕೆ.

ಇನ್ನೊಂದು, ಸ್ವಾಲ್ಬಾರ್ಡ್ ನಾರ್ವೆದೇ ಆದ್ರೂ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡೋ ಯುರೋಪ್ ದೇಶಗಳ ಗುಂಪು) ಒಳಗೆ ಬರಲ್ಲ. ಓಸ್ಲೊದಿಂದ ಹೋದ್ರೆ ಷೆಂಗೆನ್ ಬಿಟ್ಟಂಗೆ, ವಾಪಸ್ ಬಂದ್ರೆ ಮತ್ತೆ ಎಂಟ್ರಿ ಆದಂಗೆ. ವೀಸಾ ಡಬಲ್ ಎಂಟ್ರಿನೇ ಇದ್ಯಾ ಅಂತ ಈಗಲೇ ನೋಡ್ಕೊಳ್ಳೋಕೆ ಹೇಳಿ, ಹಂಗೇ ಒಂದು ಲ್ಯಾನ್ ಕೇಬಲ್ಲು, ವೈರ್ ಇರೋ ಇಯರ್‌ಫೋನು ಬ್ಯಾಗಲ್ಲಿ ಹಾಕ್ಕೊಳ್ಳಲಿ.